ಹಲ್ಲುಡಾಕ್ಟರ ಅಂಗಿಯ ಬಾಲ

"ಈ ಭಾನುವಾರ ಆ ವಕೀಲನ ಬಾಯಿ ಮುಚ್ಚಿಸದೇ ಇದ್ರೆ, ನನ್ನ ಮೀಸೆ ಬೋಳಿಸ್ಕೋತೀನಿ!"

ಗುರುವಾರ ಬೆಳಿಗ್ಗೆ ಟೀ ಲೋಟವನ್ನು ಮೇಜಿನ ಮೇಲೆ ಕುಟ್ಟಿ ಹಲ್ಲುಡಾಕ್ಟರು ಭೀಷ್ಮ ಪ್ರತಿಜ್ಞೆ ಮಾಡಿದರು. ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲೂ ಇಲ್ಲ.

"ನಿಮ್ಮ ಮೀಸೆ ಇರೋದು ಮದುವೆ ಫೋಟೋದಲ್ಲಿ ಮಾತ್ರ. ಮೊದ್ಲು ಬೆಳೆಸ್ಕೊಳ್ಳಿ, ಆಮೇಲೆ ಬೋಳಿಸೋ ಮಾತು."

ಡಾಕ್ಟರಿಗೆ ಅವಮಾನವಾಯಿತು. ಆದರೆ ಹೆಂಡತಿಯ ಮಾತಿಗೆಲ್ಲ ಅವಮಾನಪಡುತ್ತಾ ಕೂತರೆ ಬೇರೆ ಕೆಲಸ ಆಗುವುದಿಲ್ಲವಲ್ಲ!

ಊರ ಹೊರಗೆ ಹುಲ್ಲಿನ ರನ್‌ವೇ ಇರುವ ಒಂದು ಪುಟ್ಟ ವಿಮಾನ ಮೈದಾನ. ಅಲ್ಲಿ ವಿಮಾನ ನಿಲ್ಲಿಸುವ ತಗಡಿನ ಹ್ಯಾಂಗರಿನಲ್ಲಿ ಪ್ರತಿ ಭಾನುವಾರ ಸ್ವಂತ ವಿಮಾನವುಳ್ಳ ಮಹನೀಯರ ದರ್ಬಾರು ನಡೆಯುತ್ತದೆ. ಸ್ವಂತ ವಿಮಾನ ಅಂದ ತಕ್ಷಣ ಹುಬ್ಬೇರಿಸಬೇಡಿ. ವಕೀಲರದು ನಾಲ್ಕು ಸೀಟಿನದು, ಮುಂದೆ ಮೂರು ಮೂರು ಪರದೆ, ಎಲ್ಲವೂ ಮಿಣಮಿಣ. ಬೇಕರಿಯವರದು ಹನ್ನೊಂದು ವರ್ಷ ಕೂತು ಕೈಯಾರೆ ಕಟ್ಟಿದ್ದು. ದೂರದಿಂದ ನೋಡಿದರೆ ರೆಕ್ಕೆ ಬಂದ ಬ್ರೆಡ್ಡಿನ ಡಬ್ಬ. ನಮ್ಮ ಡಾಕ್ಟರದು ಪಕ್ಕಪಕ್ಕ ಎರಡೇ ಸೀಟಿನ, ಬಾಲದ ಕೆಳಗೆ ಮೂರನೇ ಚಕ್ರವಿರುವ ಮುದಿ 'ಗುಬ್ಬಿ', ಅವರು ಹಾರಲು ಕಲಿತದ್ದೂ ಅದರಲ್ಲೇ. ಗುಬ್ಬಿಯ ಎಡ ಸೀಟಿನಲ್ಲಿ ಡಾಕ್ಟರು. ಬಲ ಸೀಟಿನಲ್ಲಿ ಮೂವತ್ತೆರಡು ವರ್ಷದಿಂದ ಹೆಂಡತಿ, ತಾವೇ ಹೊಲಿದ ಗೇಣುದಪ್ಪದ ಮೆತ್ತೆಯ ಮೇಲೆ. ತಲೆ ಚಾವಣಿಗೆ ತಾಗುತ್ತಿದ್ದರೂ ಆಕೆ ಆ ಮೆತ್ತೆ ಬಿಟ್ಟವರಲ್ಲ. "ಮಹಾರಾಣಿಯವರ ಸಿಂಹಾಸನ" ಎಂದು ಡಾಕ್ಟರು ಆಡಿಕೊಂಡು ನಗುತ್ತಿದ್ದರು.

ದರ್ಬಾರಿನಲ್ಲಿ ನಡೆಯುವುದು ಒಂದೇ ಕೆಲಸ. ಯಾರು ಯಾವಾಗ ಹಾರಲು ಕಲಿತರು, ಯಾರ ಕೈಲಿ ಬೈಸಿಕೊಂಡರು, ಮೊದಲ ಸಲ ಒಬ್ಬರೇ ಹಾರಿದಾಗ ಏನಾಯಿತು ಎಂಬ ಪುರಾಣ. ಹೇಳಿದ್ದನ್ನೇ ಹೇಳುತ್ತಾರೆ, ಕೇಳಿದ್ದನ್ನೇ ಕೇಳುತ್ತಾರೆ. ಯಾರಿಗೂ ಬೇಜಾರಿಲ್ಲ.

ಈ ಭಾನುವಾರದ ವಿಶೇಷವೇ ಬೇರೆ. ಮೈದಾನದ ಅರ್ಧಕ್ಕರ್ಧ ಜನಕ್ಕೆ ಹಾರಲು ಕಲಿಸಿದ ಮೇಷ್ಟ್ರು, ಎಂಬತ್ತಾರರ ವಯಸ್ಸಿನಲ್ಲಿ, ಮಗಳ ಮನೆಯಿಂದ ಬರುವವರಿದ್ದರು. "ಎಲ್ಲರೂ ನಿಮ್ಮ ನಿಮ್ಮ ಅಂಗಿಯ ಬಾಲ ತನ್ನಿ, ಮೇಷ್ಟ್ರ ಎದುರಿಗೇ ಕಥೆ ಹೇಳಿ" ಎಂದು, ಡಾಕ್ಟರ ಕಥೆಯನ್ನು ಎಂದೂ ನಂಬದ ವಕೀಲರು ಹುಕುಂ ಹೊರಡಿಸಿದ್ದರು.

ಅಂಗಿಯ ಬಾಲ ಎಂದರೆ ಇದು: ಹಿಂದೆಲ್ಲ ಕಲಿಯುವವನು ಮುಂದೆ, ಕಲಿಸುವವರು ಹಿಂದೆ ಕೂರುತ್ತಿದ್ದರು. ಇಂಜಿನ್ನಿನ ಗದ್ದಲದಲ್ಲಿ ಮಾತು ಕೇಳಿಸದು. ಹಾಗಾಗಿ ಶಿಷ್ಯನ ಅಂಗಿ ಹಿಡಿದು ಎಳೆದೇ ಪಾಠ. ಶಿಷ್ಯ ಒಬ್ಬನೇ ಹಾರಿ ಇಳಿದ ದಿನ, ಇನ್ನು ಎಳೆಯುವ ಕೆಲಸವಿಲ್ಲ ಎಂದು ಗುರು ಅವನ ಅಂಗಿಯ ಹಿಂಭಾಗವನ್ನು ಕತ್ತರಿಸಿ, ಅದರ ಮೇಲೆ ದಿನಾಂಕ ಹಾಕಿ, ಒಂದು ಮಾತು ಬರೆದುಕೊಡುತ್ತಾರೆ. ಪಕ್ಕಪಕ್ಕ ಕೂರುವ ವಿಮಾನ ಬಂದರೂ ಆ ಪದ್ಧತಿ ಹೋಗಲಿಲ್ಲ; ಪೈಲಟ್ಟುಗಳ ಪಾಲಿಗೆ ಅದು ಕಿರೀಟ.

ಡಾಕ್ಟರ ಕಿರೀಟಕ್ಕೆ ಮೂವತ್ತೆಂಟು ವರ್ಷ. "ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿಸಿದೆ! ಮೇಷ್ಟ್ರು 'ಉತ್ತಮ ಇಳಿತ' ಅಂತ ಬರೆದುಕೊಟ್ಟು ಕಣ್ಣೊರೆಸ್ಕೊಂಡ್ರು!" ಇದು ಅವರ ಪುರಾಣ. ಮೊದಮೊದಲು ಈ ಕಥೆಯಲ್ಲಿ ಗಾಳಿಯೇ ಇರಲಿಲ್ಲ. ಹತ್ತನೇ ವರ್ಷಕ್ಕೆ ತಂಗಾಳಿ ಬಂತು. ಈಗೀಗ ಬಿರುಗಾಳಿ ಬೀಸುತ್ತದೆ. ತಮಾಷೆಯೆಂದರೆ ಡಾಕ್ಟರು ಸುಳ್ಳು ಹೇಳುತ್ತಿರಲಿಲ್ಲ. ಹೇಳಿ ಹೇಳಿ ಅವರೇ ಅದನ್ನು ನಂಬಿಬಿಟ್ಟಿದ್ದರು. ಆದರೂ ಒಳಗೊಂದು ಆಸೆ ಹಾಗೇ ಉಳಿದಿತ್ತು. ಮೇಷ್ಟ್ರ ಬಾಯಿಂದ 'ಚೆನ್ನಾಗಿತ್ತು' ಎಂಬ ಮಾತನ್ನು ಅವರು ಕಿವಿಯಾರೆ ಕೇಳಿರಲಿಲ್ಲ. ಎಂಬತ್ತಾರು ಅಂದಮೇಲೆ ಇನ್ನೆಷ್ಟು ಭಾನುವಾರ ಸಿಕ್ಕೀತು?

ಸರಿ, ಪೆಟ್ಟಿಗೆ ತೆಗೆದರೆ ಬಾಲವಿಲ್ಲ! ಬೀರು ಜಾಲಾಡಿದರು, ಅಟ್ಟ ಜಾಲಾಡಿದರು. ಹಾರಾಟದ ಲೆಕ್ಕ ಬರೆದಿಟ್ಟ ಹಳೆಯ ಲಾಗ್‌ಬುಕ್ ಸಿಕ್ಕಿತು. ಅದರೊಳಗೆ ಒಣಗಿ ನಾರಾದ ಒಂದು ಹುಲ್ಲಿನ ಎಸಳು ಸಿಕ್ಕಿತು. ಬೆಳಗಿನ ಜಾವ ಸೈಕಲ್ ತುಳಿದು ಮೈದಾನಕ್ಕೆ ಹೋಗುತ್ತಿದ್ದದ್ದು, ಪೆಟ್ರೋಲು ಮತ್ತು ಕೊಯ್ದ ಹುಲ್ಲು ಬೆರೆತ ಆ ವಾಸನೆ, ಎಲ್ಲ ನೆನಪಾಗಿ ಡಾಕ್ಟರು ಏಣಿಯ ಮೇಲೇ ಕಾಲು ಗಂಟೆ ನಿಂತರು. ಬಾಲ ಮಾತ್ರ ಸಿಗಲಿಲ್ಲ.

"ಏ ಇವಳೇ, ನನ್ನ ಅಂಗಿ ತುಂಡೆಲ್ಲೇ?"

"ಭದ್ರವಾಗಿದೆ."

"ಎಲ್ಲಿ?"

"ಭದ್ರವಾಗಿದೆ ಅಂದ್ರೆ ಭದ್ರವಾಗಿದೆ. ಭಾನುವಾರ ತಾನೇ ಬೇಕಿರೋದು? ಸಿಗತ್ತೆ ಬಿಡಿ."

ಆ ಮನೆಯಲ್ಲಿ 'ಭದ್ರವಾಗಿದೆ' ಎಂದರೆ ಆ ವಸ್ತುವಿಗೆ ಎಳ್ಳುನೀರು ಬಿಟ್ಟ ಹಾಗೆ. ಮನೆಯ ಕಾಗದಪತ್ರ ಭದ್ರವಾಗಿತ್ತು, ಹೊಸದನ್ನೇ ಮಾಡಿಸಬೇಕಾಯಿತು. ಅತ್ತೆಯವರ ಕನ್ನಡಕ ಭದ್ರವಾಗಿತ್ತು, ಪಾಪ, ಅವರು ಮೂರು ತಿಂಗಳು ಮಗನನ್ನೂ ಅಳಿಯನನ್ನೂ ಧ್ವನಿಯಿಂದಲೇ ಗುರುತಿಸಿದರು. ತಮ್ಮ ಕಿರೀಟ ಒರೆಸುವ ಬಟ್ಟೆಯಾಗಿ ಸವೆದುಹೋಗಿದೆ ಎಂದು ಡಾಕ್ಟರು ತೀರ್ಮಾನಿಸಿಬಿಟ್ಟರು.

ಶುಕ್ರವಾರ ಹೆಂಡತಿ ತಂಗಿಯ ಮನೆಗೆ ಹೊರಟದ್ದೇ ತಡ, ಡಾಕ್ಟರು ಅಡುಗೆಮನೆಗೆ ನುಗ್ಗಿದರು. ಹಳೆಯದೊಂದು ಬಿಳಿ ಅಂಗಿಯ ಹಿಂಭಾಗ ಕಚಕ್ಕನೆ ಕತ್ತರಿಸಿ, ಮೂವತ್ತೆಂಟು ವರ್ಷದ ಬಣ್ಣ ಬರಲೆಂದು ಹಾಲಿನ ಪಾತ್ರೆಯಲ್ಲಿ ಟೀಪುಡಿ ಹಾಕಿ ಕುದಿಸಿದರು. ಮೂವತ್ತೆಂಟಲ್ಲ, ಮುನ್ನೂರು ವರ್ಷದ ಬಣ್ಣ ಬಂತು! ಬೇಗ ಒಣಗಲೆಂದು ಇಕ್ಕಳದಲ್ಲಿ ಹಿಡಿದು ಒಲೆಯ ಮೇಲೆ ಆಡಿಸಿದರು. ಒಂದು ಮೂಲೆ ಒಣಗಿತು, ಇನ್ನೊಂದು ಮೂಲೆ ಹೊತ್ತಿಕೊಂಡಿತು! ನಲವತ್ತು ವರ್ಷ ಜನರ ಬಾಯಲ್ಲಿ ಕೈ ಹಾಕಿಯೂ ಕೈ ನಡುಗದ ಡಾಕ್ಟರು ಹೌಹಾರಿ, ಕೈಗೆ ಸಿಕ್ಕ ಟೀ ಪಾತ್ರೆಯನ್ನೇ ಎತ್ತಿ ಎರಚಿದರು. ಬೆಂಕಿ ಆರಿತು. ಗೋಡೆ, ಕಿಟಕಿ, ಗಡಿಯಾರ ಎಲ್ಲವೂ ಟೀ ಕುಡಿದವು.

ಆದರೆ ಹಿಡಿದ ಹಟ ಬಿಡುವವರೇ? ಇಸ್ತ್ರಿ ಮಾಡಿಟ್ಟ ಬಟ್ಟೆಗಳ ನಡುವಿನಿಂದ ಇನ್ನೊಂದು ಬಿಳಿ ಅಂಗಿ ಎಳೆದರು. ಕಚಕ್! ಈ ಸಲ ತಿಳಿ ಟೀ, ಕಿಟಕಿಯ ಬಿಸಿಲು. ಬಣ್ಣ ಹದವಾಗಿ ಬಂತು. ಮೇಷ್ಟ್ರ ಅಕ್ಷರ ಸೊಟ್ಟಸೊಟ್ಟ ಎಂಬುದು ನೆನಪಿತ್ತು. ಆದ್ದರಿಂದ ಎಡಗೈಯಲ್ಲಿ ಬರೆದರು. 'ಉತ್ತಮ ಇಳಿತ' ಎಂದಷ್ಟೇ ಬರೆಯಲು ಹೊರಟವರು, ಹೇಗೂ ಬರೆಯುತ್ತಿದ್ದೇನೆ, ಕೈ ಬಿಗಿ ಯಾಕೆ ಎಂದು, "ಅಮೋಘ ಇಳಿತ! ಇಂಥ ಶಿಷ್ಯ ಅಪರೂಪ!" ಎಂದು ಬರೆದರು. ಬಾಲ ಹೋದ ಅಂಗಿಯನ್ನು ಮೊದಲಿನಂತೆ ಮಡಿಸಿ ಬಟ್ಟೆಗಳ ನಡುವೆ ತುರುಕಿದರು.

"ಏನ್ರೀ ಇದು, ಗೋಡೆ ತುಂಬ?" ಸಂಜೆ ಬಂದ ಹೆಂಡತಿ ಬಾಗಿಲಲ್ಲೇ ನಿಂತರು.

"ಟೀ ಮಾಡ್ಕೊಂಡೆ."

"ಗಡಿಯಾರಕ್ಕೆ ಸಕ್ಕರೆ ಹಾಕಿದ್ರೋ ಇಲ್ವೋ?"

ಭಾನುವಾರ. ಹೆಂಡತಿ ಕೊಟ್ಟ ಇಸ್ತ್ರಿ ಅಂಗಿಯನ್ನು ಅವಸರದಲ್ಲಿ ತೊಟ್ಟು, ಕೋಟು ಏರಿಸಿ, ಡಾಕ್ಟರು ಹೆಂಡತಿಯೊಂದಿಗೆ ಕಾರು ಹತ್ತಿದರು. ಅರ್ಧ ದಾರಿಯಲ್ಲಿ ಸೊಂಟದ ಹಿಂದೆ ತಣ್ಣಗೆ ಏನೋ ಆಡಿದಂತಾಯಿತು. ಕೈ ಹಾಕಿ ನೋಡಿದರೆ ಅಂಗಿಯಿಲ್ಲ, ಬೆನ್ನಿದೆ! ಅಯ್ಯೋ ದೇವರೇ, ಅದೇ ಅಂಗಿ! ಪ್ರಾಣ ಹೋದರೂ ಕೋಟು ತೆಗೆಯಬಾರದು ಎಂದು ಅಲ್ಲೇ ಎರಡನೇ ಪ್ರತಿಜ್ಞೆ ಮಾಡಿದರು.

ತಗಡಿನ ಹ್ಯಾಂಗರು ಕಾದ ಬಾಣಲೆಯಾಗಿತ್ತು. ನಡುವೆ ಮಡಚುಕುರ್ಚಿಯಲ್ಲಿ ಮೇಷ್ಟ್ರು, ಒಣಗಿ ಚಿಕ್ಕವರಾಗಿದ್ದರು. ಕಣ್ಣು ಮಾತ್ರ ಹಳೆಯದೇ. ವಕೀಲರ ಕಥೆ ಮುಗಿಯಿತು, ಬೇಕರಿಯವರ ಕಥೆ ಮುಗಿಯಿತು. ಡಾಕ್ಟರು ತಮ್ಮ ಅಂಗಿ ತುಂಡು ಹಿಡಿದು ಎದ್ದರು.

"ಕೋಟು ತೆಗಿಯಯ್ಯಾ, ನೀರಿಳೀತಿದೆ," ಎಂದರು ಮೇಷ್ಟ್ರು.

"ಇರ್ಲಿ ಸಾರ್, ಚಳಿ."

"ತೆಗಿ ಅಂದ್ನಲ್ಲ!"

ಮೂವತ್ತೆಂಟು ವರ್ಷದ ಹಿಂದಿನದೇ ಗದರಿಕೆ. ಡಾಕ್ಟರ ಕೈ ಅವರನ್ನು ಕೇಳದೆಯೇ ಕೋಟು ಕಳಚಿತು. ಗೋಡೆಗೆ ಬೆನ್ನು ಆನಿಸಿ ನಿಂತು ಕಥೆ ಶುರುಮಾಡಿದರು. ಬಿರುಗಾಳಿ ಬರುವವರೆಗೂ ಎಲ್ಲ ಸರಿಯಿತ್ತು. ಬಿರುಗಾಳಿ ಬಂದಾಗ ಮೈಮರೆತು, ಎರಡೂ ಕೈ ರೆಕ್ಕೆಯಂತೆ ಚಾಚಿ, ಗುಬ್ಬಿಯಂತೆ ವಾಲಿ ಒಂದು ಸುತ್ತು ತಿರುಗಿಯೇಬಿಟ್ಟರು!

"ಡಾಕ್ಟ್ರೇ, ಹಿಂದಿನ ಬಾಗಿಲು ತೆಗ್ದಿದೆ!" ಎಂದು ಬೇಕರಿಯವರು ಕೂಗಿದರು.

ವಕೀಲರು ಬಿಡುವ ಆಸಾಮಿಯೇ? ಡಾಕ್ಟರ ಕೈಲಿದ್ದ ತುಂಡನ್ನು ಕಸಿದು ಬೆನ್ನಿಗೆ ಹಿಡಿದು ನೋಡಿದರು. ಅಳತೆ ಕೊಟ್ಟು ಕಟ್ಟಿಸಿದ ಹಲ್ಲಿನಂತೆ ಸರಿಯಾಗಿ ಕೂತಿತು. ಹ್ಯಾಂಗರಿನ ತಗಡು ಹಾರುವಂಥ ನಗು! ಮೇಷ್ಟ್ರು ಕನ್ನಡಕ ಏರಿಸಿ ಓದಿದರು.

"ಅಪರೂಪ ಅಂತೆ! ನಾನು ಜನ್ಮದಲ್ಲಿ ಯಾರನ್ನೂ ಹೊಗಳಿದವನಲ್ಲ ಕಣಯ್ಯಾ. ಒಂದ್ಸಲ ಒಂದು ಇಂಜಿನ್ನನ್ನ ಹೊಗಳಿದ್ದೆ. ಮಾರನೇ ದಿನ ಅದೂ ಕೆಟ್ಟೋಯ್ತು."

ಡಾಕ್ಟರಿಗೆ ಭೂಮಿ ಬಾಯ್ಬಿಟ್ಟರೆ ಒಳಗೆ ಹೋಗಿಬಿಡೋಣ ಎನಿಸಿತು. ಎಲ್ಲರೂ ನಕ್ಕದ್ದಕ್ಕಲ್ಲ. ಬಯಸಿದ್ದ ಒಂದು ಮಾತು ಇನ್ನು ಸಿಗುವುದಿಲ್ಲವಲ್ಲ ಎಂದು.

ಅಷ್ಟರಲ್ಲಿ ಹೆಂಡತಿ ಸದ್ದಿಲ್ಲದೆ ಎದ್ದು ಗುಬ್ಬಿಯ ಬಲ ಸೀಟಿನಿಂದ ತಮ್ಮ ಸಿಂಹಾಸನ ಎತ್ತಿಕೊಂಡು ಬಂದರು. ಚೀಲದಿಂದ ಕತ್ತರಿ ತೆಗೆದು ಮೆತ್ತೆಯ ಹೊಲಿಗೆ ಬಿಚ್ಚಿದರು. ಹತ್ತಿಯ ನಡುವಿನಿಂದ ಮಡಿಸಿದ ಹಳದಿ ಬಟ್ಟೆಯೊಂದು ಹೊರಬಂತು.

"ಭದ್ರವಾಗಿದೆ ಅಂದಿರ್ಲಿಲ್ವಾ? ನನ್ನ ಸೀಟಲ್ಲಿ ನೀವು ಯಾವತ್ತೂ ಕೂರಲ್ಲ. ಇದಕ್ಕಿಂತ ಭದ್ರವಾದ ಜಾಗ ಬೇಕಾ?"

ಮೇಷ್ಟ್ರು ಬಟ್ಟೆ ಬಿಡಿಸಿ ನಿಧಾನವಾಗಿ ಓದಿದರು. "ಒಂದು ಸಲ ಹಾರಿದ. ಮೂರು ಸಲ ಇಳಿದ. ಹೆದರಲಿಲ್ಲ. ಇನ್ನು ಇವನ ಅಂಗಿ ಎಳೆಯುವ ಅಗತ್ಯವಿಲ್ಲ."

ಡಾಕ್ಟರಿಗೆ ಆಗ ಎಲ್ಲ ನೆನಪಾಯಿತು. ಬಿರುಗಾಳಿಯೂ ಇರಲಿಲ್ಲ, ಬೆಣ್ಣೆಯೂ ಇರಲಿಲ್ಲ. ಗುಬ್ಬಿ ಹೆಸರಿಗೆ ತಕ್ಕಂತೆ ಕುಪ್ಪಳಿಸಿತ್ತು. ಹುಲ್ಲಿನ ಮೇಲೆ ಮೇಷ್ಟ್ರು ಟೋಪಿ ಹಿಡಿದುಕೊಂಡು ಓಡಿ ಬಂದಿದ್ದರು.

"ಮೂರನೇದು ಚೆನ್ನಾಗಿತ್ತು ಕಣಯ್ಯಾ," ಎಂದರು ಮೇಷ್ಟ್ರು ಮೆಲ್ಲಗೆ.

ಡಾಕ್ಟರು ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಏನೋ ಹೊಳೆದು ಹೆಂಡತಿಯ ಕಡೆ ತಿರುಗಿದರು.

"ಅಲ್ವೇ, ಇದನ್ನ ನೀನು ಯಾವಾಗ ಓದಿದ್ದು?"

"ಮದುವೆಯಾದ ವಾರಕ್ಕೇ. ನೀವು ಮೊದಲ್ನೇ ಸಲ ಗುಬ್ಬಿ ಹತ್ತಿಸೋ ಹಿಂದಿನ ದಿನ."

"ಓದಿಯೂ ಮೂವತ್ತೆರಡು ವರ್ಷ ನನ್ನ ಪಕ್ಕ ಕೂತ್ಯಾ?"

"ಓದಿದ್ದಕ್ಕೇ ಅಲ್ವೇನ್ರೀ," ಎಂದರು ಹೆಂಡತಿ, ಹತ್ತಿಯನ್ನು ಮತ್ತೆ ಒಳಗೆ ಒತ್ತಿ ತುಂಬುತ್ತಾ, "ಮೆತ್ತೆ ಇಷ್ಟು ದಪ್ಪ ಹೊಲಿದದ್ದು!"