ಎಲ್ಡನ್ ಕೊಟ್ಟ ಔಟು

ಎಲ್ಡನ್ ವಾವ್ರಾನನ್ನು ಸಿಕ್ಕಿಸಿಹಾಕಿದ್ದು ಅವನ ಕರಿ ಪ್ಯಾಂಟು. ಶನಿವಾರ ಬೆಳಿಗ್ಗೆ ಯಾರದೋ ಅಂತ್ಯಕ್ರಿಯೆ ಮುಗಿಸಿ, ಅದೇ ಬಟ್ಟೆಯಲ್ಲಿ ಮೈದಾನದ ಬೇಲಿಗೊರಗಿ ಹಾಟ್ ಡಾಗ್ ತಿನ್ನುತ್ತಿದ್ದ. ಅತ್ತ ಹುಡುಗಿಯರ ಸಾಫ್ಟ್‌ಬಾಲ್ ಪಂದ್ಯಕ್ಕೆ ಬರಬೇಕಿದ್ದ ಅಂಪೈರು ಸೊಂಟ ಹಿಡಿದುಕೊಂಡು ಮನೆಯಲ್ಲೇ ಮಲಗಿದ್ದ.

"ನೋಡ್ರೋ, ಇವ್ನು ಅಂಪೈರ್ ಥರಾನೇ ಬಂದಿದಾನೆ!" ಎಂದ ಲೀಗಿನ ಯಜಮಾನಿ ನೋರೀನ್, ಅವನ ತಲೆಗೆ ಮುಖಕವಚ ತುರುಕಿದಳು.

"ನೋರೀನ್, ನಂಗೆ ಈ ಆಟದ ಗಂಧಗಾಳಿ ಇಲ್ಲ!"

"ಬಾಯಿ ಮುಚ್ಕೊಂಡು ನಿಂತ್ಕೊ. ಚೆನ್ನಾಗಿ ಮಾಡಿದ್ರೆ ಬೇಸಿಗೆ ಪೂರ್ತಿ ನೀನೇ."

ಬೇಸಿಗೆ ಪೂರ್ತಿ! ನೆಬ್ರಾಸ್ಕಾದ ಚಳಿಗಾಲವನ್ನು ಅವನು ಕಳೆದದ್ದೇ ಬೇಸಿಗೆಯ ಶನಿವಾರಗಳ ನೆನಪಿನಲ್ಲಿ. ದೋಣಿ, ಗಾಳ, ಮಾತಾಡದ ಮೀನುಗಳು. ಈ ಕೆಲಸ ತಪ್ಪಬೇಕಾದರೆ ಒಂದೇ ದಾರಿ. ಊರೇ ಉಗಿಯುವಷ್ಟು ಕೆಟ್ಟದಾಗಿ ಮಾಡುವುದು.

ಮಾಡಿದ. ಬ್ಯಾಟು ಹಿಡಿದವಳ ಪಾದಕ್ಕೆ ಬಡಿದ ಚೆಂಡನ್ನು ಸ್ಟ್ರೈಕ್, ಅಂದರೆ ಸರಿಯಾದ ಎಸೆತ, ಎಂದ. ಬೇಲಿಯಾಚೆಯಿಂದ ಎಂದಿನ ಗೊಣಗಾಟ ಬಿಟ್ಟರೆ ಏನೂ ಬರಲಿಲ್ಲ. ಸಾಲದ್ದಕ್ಕೆ ಮಡಿಸುವ ಕುರ್ಚಿಯಲ್ಲಿ ಕೂತಿದ್ದ ಅಪ್ಪನೊಬ್ಬ, "ಹೋದ ವಾರದೋನಿಗಿಂತ ಇವ್ನೇ ವಾಸಿ" ಎಂದು ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿದ. ಎಲ್ಡನ್‌ಗೆ ಅಳು ಬಂತು.

ಕೊನೆಯ ಇನ್ನಿಂಗ್ಸ್. ಊರಿನ ತಂಡ ಒಂದು ರನ್ ಹಿಂದೆ, ಇನ್ನೊಂದು ಔಟಾದರೆ ಆಟ ಮುಗಿಯಿತು. ಎರಡನೇ ಬೇಸಿನಲ್ಲಿ ರನ್ನಿಗೆ ಓಡಲು ಸಜ್ಜಾಗಿ ನಿಂತವಳು ಊರಿನ ಕೋಚ್ ಡ್ವೇನನ ಮಗಳು ಬ್ರಿನ್ನಾ. ಬ್ಯಾಟಿಗೆ ತಾಗಿದ ಚೆಂಡು ನೆಲದಲ್ಲಿ ಉರುಳಿಕೊಂಡು ಬಂತು. ಎದುರು ತಂಡದ ಹುಡುಗಿ ಅದನ್ನು ಹಿಡಿಯಲು ಬಗ್ಗುತ್ತಿದ್ದಾಗಲೇ ಬ್ರಿನ್ನಾ ಅವಳ ಮೂಗಿನ ಮುಂದೆಯೇ ದಡದಡ ಹಾದುಹೋದಳು. ಹುಡುಗಿ ಬೆಚ್ಚಿ ನಿಂತಳು. ಚೆಂಡು ಅವಳ ಕಾಲ ಸಂದಿಯಿಂದ ಪಾರಾಯಿತು. ಇನ್ನು ರನ್ ಬಂದಂತೆಯೇ ಎಂದು ಊರೇ ಎದ್ದು ಕುಣಿಯಿತು.

ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೊಂದಿಲ್ಲವೆಂದುಕೊಂಡ ಎಲ್ಡನ್, ಬ್ರಿನ್ನಾಳತ್ತ ಬೆರಳು ಚಾಚಿ ಗಂಟಲು ಹರಿಯುವಂತೆ ಅರಚಿದ: "ಔಟ್!"

ಡ್ವೇನ್ ಕಾದ ಎಣ್ಣೆಗೆ ಬಿದ್ದ ನೀರಿನಂತೆ ಸಿಡಿದ.

"ಔಟಾ? ಯಾಕೋ?"

"ಅಡ್ಡ ಬಂದ್ಲು."

"ಓಡೋದಲ್ದೆ ಹಾರ್ಕೊಂಡು ಹೋಗ್ಬೇಕಿತ್ತಾ? ಅವಳ ಮೈಗೆ ಮೈ ತಾಗಿಲ್ವಲ್ಲೋ!"

"ತಾಗದಿದ್ರೂ ಔಟ್." ಎಲ್ಡನ್ ಒಳಗೊಳಗೇ ನಗುತ್ತಿದ್ದ.

"ಇವ್ನನ್ನ ಓಡ್ಸಿ!" "ಕಣ್ಣಿಗೆ ಹಾಟ್ ಡಾಗ್ ಮೆತ್ಕೊಂಡಿದಾನೆ!" ಬೇಲಿಯಾಚೆಯಿಂದ ಬಂದ ಪ್ರತಿ ಬೈಗುಳಕ್ಕೂ ಎಲ್ಡನ್‌ಗೆ ಕೆರೆಯ ತಂಗಾಳಿ ಬೀಸಿದಂತಾಗುತ್ತಿತ್ತು.

"ನೋರೀನ್, ರಾಜ್ಯದ ಸಾಫ್ಟ್‌ಬಾಲ್ ಆಫೀಸಿಗೆ ಫೋನ್ ಮಾಡು. ಇವತ್ತೇ ಇವ್ನ ಕತೆ ಮುಗೀಬೇಕು," ಎಂದ ಡ್ವೇನ್. ನೋರೀನ್ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿ, ನಡೆದದ್ದನ್ನೆಲ್ಲ ಹೇಳಿದಳು.

"ಸರಿಯಾಗಿದೆಯಲ್ಲ!" ಎಂದಿತು ಆ ಕಡೆಯ ದನಿ. "ಚೆಂಡು ಹಿಡಿಯೋಳಿಗೆ ಓಡೋಳು ದಾರಿ ಬಿಡ್ಬೇಕು. ತೊಂದ್ರೆ ಆದ್ರೆ ಸಾಕು, ಮೈ ತಾಗ್ಲೇಬೇಕು ಅಂತಿಲ್ಲ. ಊರೋರ ಮುಂದೆ ಊರಿನ ಹುಡುಗೀಗೇ ಔಟ್ ಕೊಟ್ನಾ? ಭಲೇ! ಅಂಥೋನನ್ನ ಮಾತ್ರ ಬಿಡ್ಬೇಡಿ!"

ಮೈದಾನ ತಣ್ಣಗಾಯಿತು. ಯಾರೋ ಕುರ್ಚಿ ತಂದಿಟ್ಟರು. ಇನ್ಯಾರೋ ನಿಂಬೆ ಶರಬತ್ತು ಕೊಟ್ಟರು. ನೋರೀನ್ ಅಂಪೈರನ ನೀಲಿ ಅಂಗಿಯನ್ನು ಅವನ ಎದೆಗೆ ಹಿಡಿದು ಅಳತೆ ನೋಡಿದಳು.

ಡ್ವೇನ್ ಟೋಪಿ ತೆಗೆದ. "ತಪ್ಪಾಯ್ತಪ್ಪಾ ಎಲ್ಡನ್. ಮುಂದಿನ ಶನಿವಾರ ಬೆಳಿಗ್ಗೆ ಬೇಗ ಬಂದ್ಬಿಡು. ಈ ನಿಯಮಾನ ನಮ್ಮ ಹುಡುಗೀರಿಗೆ ನೀನೇ ಬಿಡಿಸಿ ಹೇಳ್ಬೇಕು."

"ಯಾವ ನಿಯಮ?" ಎಂದ ಎಲ್ಡನ್, ಮುಖಕವಚದೊಳಗಿಂದ ದೀನನಾಗಿ.

ಇಷ್ಟೆಲ್ಲ ಬಲ್ಲವನಿಗೂ ಎಂಥ ವಿನಯ ಎಂದು ಊರು ಚಪ್ಪಾಳೆ ತಟ್ಟಿತು.