ಬಿಸಿನೀರಿಗೆ ಬಿದ್ದ ಅಚ್ಚು

ಹೆಂಡತಿ: ಇದನ್ನ ಅಚ್ಚು ಅಂತಾರೇನ್ರೀ? ಮೂಸಿ ನೋಡಿ.

ಕಂಡಕ್ಟರ್: ಮೂಸೋದ್ಯಾಕೆ, ವಾಸನೆ ತಾನಾಗೇ ಇಲ್ಲಿವರೆಗೂ ಬರ್ತಿದೆ.

ಹೆಂಡತಿ: ಸೋಪಿಗೆ ಹೊಸ ಅಚ್ಚು ಬೇಕು ಅಂತ ಹೇಳಿ ಬಂದಿದ್ದೆ. ಅಂಗಡಿಯವನು ಯಾವ ಕಾಲದ್ದೋ ಕಳಿಸಿದ್ದಾನೆ. ಕೇಳಿದ್ರೆ, ನಿಮ್ಮ ಯಜಮಾನ್ರೇ ಫೋನಲ್ಲಿ ಹಳೇದು ಬೇಕು ಅಂತ ಹಟ ಹಿಡಿದ್ರು ಅಂತಾನೆ.

ಬೂಟಿನ ಲೇಸು ಬಿಚ್ಚುತ್ತಿದ್ದ ಕಂಡಕ್ಟರನ ಕೈ ಅಲ್ಲಿಗೇ ನಿಂತಿತು. ದಿನವೆಲ್ಲ ಬಸ್ಸಿನಲ್ಲಿ ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ಗಂಟಲು ಹರಿದುಕೊಂಡು ಬರುವ ಮನುಷ್ಯನಿಗೆ ಮನೆಯಲ್ಲಿ ಹಿಂದೆ ಸರಿಯುವುದಕ್ಕೂ ಜಾಗವಿಲ್ಲ. ಬಾಗಿಲಿನ ಎಡಕ್ಕೆ ಹೆಂಡತಿಯ ಸೋಪಿನ ಕಾರ್ಖಾನೆ, ಬಲಕ್ಕೆ ಇವನ ಪುಸ್ತಕಗಳು. ಪುಸ್ತಕವೆಂದರೆ ಕಥೆಯಲ್ಲ, ಕವಿತೆಯಲ್ಲ. ಲೋಹ ಕರಗಿಸಿ ಎರಕ ಹುಯ್ಯುವ ವಿದ್ಯೆಯ ಹಳೇ ಪುಸ್ತಕಗಳು. ಪುಣ್ಯಾತ್ಮ ಈವರೆಗೆ ಹುಯ್ದದ್ದು ಲೋಟಕ್ಕೆ ನೀರು ಮಾತ್ರ, ಅದರಲ್ಲೂ ಅರ್ಧ ನೆಲಕ್ಕೆ.

ಕಂಡಕ್ಟರ್: ಸೋಪಿನ ಅಂಗಡಿಯವನಾ ಅದು? ‘ನಿಮ್ಮ ಅಚ್ಚು ಬಂದಿದೆ, ಹೊಸದೂ ಇದೆ ಹಳೇದೂ ಇದೆ’ ಅಂದ. ನಾನು ನನ್ನ ಪುಸ್ತಕದವನು ಅಂದ್ಕೊಂಡೆ.

ಹೆಂಡತಿ: ಅಂದ್ಕೊಂಡು?

ಕಂಡಕ್ಟರ್: ಹಳೇದಾದಷ್ಟೂ ಒಳ್ಳೇದು ಅಂದೆ.

ಹೆಂಡತಿ: ಅಷ್ಟೇನಾ?

ಕಂಡಕ್ಟರ್: ಮೇಲಿನ ಧೂಳು ಕೂಡ ಒರೆಸಬೇಡಿ ಅಂದೆ.

ಹೆಂಡತಿ ಅಚ್ಚನ್ನು ಬೆಳಕಿಗೆ ಹಿಡಿದಳು. ಅದರೊಳಗೆ ಯಾರೋ ಎಂದೋ ಹುಯ್ದ ಸೋಪು ಇನ್ನೂ ಹಾಗೇ ಕೂತಿತ್ತು. ವಸತಿಗೃಹದವರಿಗೆ ನಾಳೆ ಸೋಪು ಹುಯ್ದು ಕೊಡಬೇಕಾದದ್ದು ಇದರಲ್ಲೇ.

ತಪ್ಪು ಅಂಗಡಿಯವನದಲ್ಲ, ಮನೆಗೆಲ್ಲ ಒಂದೇ ಫೋನು ಇರುವುದರದು. ಹಳೇ ಪುಸ್ತಕದವನು ‘ಮುದ್ರಣ’ ಎನ್ನುವವನಲ್ಲ, ಪ್ರೆಸ್ಸಿನಲ್ಲಿ ದುಡಿದ ಮನುಷ್ಯನಾದ್ದರಿಂದ ‘ಅಚ್ಚು’ ಎನ್ನುತ್ತಾನೆ. ಸೋಪಿನವನೂ ಅಚ್ಚು ಎನ್ನುತ್ತಾನೆ. ಇದು ಹೊಳೆದ ಕೂಡಲೇ ಕಂಡಕ್ಟರನಿಗೆ ಇನ್ನೊಂದು ಯೋಚನೆ ಬಂತು.

ಕಂಡಕ್ಟರ್: ಹಾಗಾದ್ರೆ ನನ್ನ ಪುಸ್ತಕದವನು ಫೋನ್ ಮಾಡಲೇ ಇಲ್ವಾ?

ಹೆಂಡತಿ: ನನಗೊಬ್ಬ ಮಾಡಿದ್ದ. ‘ಅಚ್ಚು ಸಿಕ್ಕಿದೆ, ಸ್ವಲ್ಪ ಕಲೆ ಇದೆ’ ಅಂದ. ಕಲೆ ಇದ್ರೆ ತೊಳೀರಿ ಅಂದೆ.

ಕಂಡಕ್ಟರ್: ತೊಳೀರಿ ಅಂದ್ಯಾ?

ಹೆಂಡತಿ: ಅವನೂ ಹೀಗೇ ಕೇಳಿದ. ಪಾಪ, ಕಿವಿ ಮಂದ ಇರಬೇಕು ಅಂತ ಕೂಗಿ ಹೇಳಿದೆ. ಬಿಸಿನೀರಲ್ಲಿ ನೆನೆಹಾಕಿ, ಬ್ರಷ್ ತಗೊಂಡು ಉಜ್ಜಿ ಅಂತ.

ಕಂಡಕ್ಟರ್: ಅವನೇನಂದ?

ಹೆಂಡತಿ: ‘ಬೆನ್ನು ಕಿತ್ತುಹೋಗುತ್ತೆ ಅಮ್ಮಾ’ ಅಂದ. ಬೆನ್ನುನೋವಿದ್ರೆ ಬಗ್ಗಬೇಡಿ, ಸ್ಟೂಲ್ ಮೇಲೆ ಕೂತು ತೊಳೀರಿ ಅಂದೆ.

ಕಂಡಕ್ಟರ್: ಅದು ಪುಸ್ತಕದ ಬೆನ್ನು ಕಣೇ.

ಅವನು ಒಂದು ಬೂಟು ಹಾಕಿಕೊಂಡೇ ಪುಸ್ತಕದ ರಾಶಿಯ ಮೇಲೆ ಕುಸಿದ. ಈ ರಾಶಿಗೆಲ್ಲ ಮೂಲಪುರುಷ ಒಂದೇ ಒಂದು ಪುಸ್ತಕ. ಮದುವೆಯಾದ ಹೊಸತರಲ್ಲಿ ಯಾರೋ ಬಸ್ಸಿನಲ್ಲಿ ಬಿಟ್ಟುಹೋದದ್ದು. ಡಿಪೋದಲ್ಲಿ ಬಹಳ ದಿನ ಬಿದ್ದಿತ್ತು, ಕೇಳುವವರು ಬರಲಿಲ್ಲ, ನೀನೇ ಇಟ್ಕೋ ಎಂದು ಕೊಟ್ಟರು. ಓದುತ್ತ ಹೋದ, ರುಚಿ ಹತ್ತಿತು. ಕೊನೆಯ ಪುಟದ ಕೊನೆಯ ಸಾಲು ಹೀಗಿತ್ತು: ‘ಲೋಹವನ್ನು ಹುಯ್ಯುವ ಮುನ್ನ ಪ್ರಾಣ ಹೋದರೂ ಮರೆಯಬಾರದ ಸಂಗತಿಯೆಂದರೆ’. ಅಲ್ಲಿಗೆ ಮೊದಲ ಭಾಗ ಮುಗಿದಿತ್ತು.

ಆ ಸಂಗತಿ ಯಾವುದೆಂದು ಹುಡುಕುವುದೇ ಅವನ ಬಾಳಾಯಿತು. ಬೇರೆ ಎರಕದ ಪುಸ್ತಕಗಳಲ್ಲಿ ಇರಬಹುದೆಂದು ಕಂಡಕಂಡದ್ದನ್ನೆಲ್ಲ ತಂದ. ಒಂದೊಂದು ಪುಸ್ತಕವೂ ಒಂದೊಂದು ಸಂಗತಿಯನ್ನು ಮರೆಯಬಾರದು ಎನ್ನುತ್ತಿತ್ತು. ಆ ಮೊದಲ ಪುಸ್ತಕ ಬರೆದ ಮಹಾಶಯ ಮಾತ್ರ ಯಾವುದನ್ನು ಹೇಳಹೊರಟಿದ್ದ? ಅದು ಎರಡನೇ ಭಾಗದಲ್ಲೇ ಇರಬೇಕು, ಹಳೇ ಪುಸ್ತಕದವನಿಗೆ ಹುಡುಕಲು ಹೇಳಿಟ್ಟಿದ್ದ ಆ ಎರಡನೇ ಭಾಗ ಕೊನೆಗೂ ಸಿಕ್ಕಿ ಈಗ ಬಕೆಟ್ಟಿನಲ್ಲಿ ನೆನೆಯುತ್ತಿದೆ.

ಕಂಡಕ್ಟರ್: ಉಜ್ಜಿ ಅಂತ ಬೇರೆ ಹೇಳಿದ್ದೀಯ.

ಹೆಂಡತಿ: ನೀವು ಧೂಳು ಒರೆಸಬೇಡಿ ಅಂದಿದ್ದಕ್ಕೂ ಇದಕ್ಕೂ ಸರಿಹೋಯ್ತು ಬಿಡಿ.

ಅಷ್ಟರಲ್ಲಿ ಬಾಗಿಲು ಸದ್ದಾಯಿತು. ನಿಂತಿದ್ದವನು ಹಳೇ ಪುಸ್ತಕದವನೇ. ಕಂಕುಳಲ್ಲಿ ಟವೆಲ್ ಸುತ್ತಿದ ಗಂಟು, ಗಂಟಿನಿಂದ ಹೊಸ್ತಿಲ ಮೇಲೆ ತೊಟಕ್ ತೊಟಕ್.

ಪುಸ್ತಕದವನು: ಅಮ್ಮಾವ್ರು ಯಾರು? ಕಾಲಿಗೆ ಬೀಳಬೇಕು.

ಹೆಂಡತಿ: ನಾನೇ. ಬೆನ್ನು ಹೇಗಿದೆ?

ಪುಸ್ತಕದವನು: ಕಿತ್ಕೊಂಡು ಬಂತು. ಒಳ್ಳೇದೇ ಆಯ್ತು. ಇಷ್ಟು ವರ್ಷ ಈ ವ್ಯಾಪಾರ ಮಾಡ್ತಿದ್ದೀನಿ, ಪುಸ್ತಕ ತೊಳೀರಿ ಅಂತ ಯಾರೂ ಗದರಿಸಿರಲಿಲ್ಲ. ಇಷ್ಟು ಗಟ್ಟಿಯಾಗಿ ಹೇಳ್ತಾರೆ ಅಂದ್ರೆ ಬಲ್ಲವರೇ ಇರಬೇಕು ಅಂತ ಮುಳುಗಿಸಿದೆ.

ಪುಸ್ತಕದವನು ಹೇಳಿದ್ದು ಇಷ್ಟು: ಮೊದಲ ಪುಟ ರಟ್ಟಿಗೆ ಗೋಂದಿನಲ್ಲಿ ಅಂಟಿಹೋಗಿತ್ತು, ಎಳೆದಿದ್ದರೆ ಚಿಂದಿಯಾಗುತ್ತಿತ್ತು. ಬಿಸಿನೀರಿಗೆ ಬಿದ್ದದ್ದೇ ತಡ, ಗೋಂದು ಕರಗಿ ಪುಟ ತಾನಾಗೇ ಬಿಟ್ಟುಕೊಂಡಿತು. ಅಕ್ಷರಕ್ಕೆ ಏನೂ ಆಗಿಲ್ಲ, ಹಳೇ ಮಸಿ ಗಟ್ಟಿ. ಉಜ್ಜುವುದಕ್ಕೆ ಮಾತ್ರ ಧೈರ್ಯ ಬರಲಿಲ್ಲ, ಅಮ್ಮಾವ್ರು ಕ್ಷಮಿಸಬೇಕು.

ಹೆಂಡತಿ: ಈ ಸಲಕ್ಕೆ ಆಯ್ತು.

ಕಂಡಕ್ಟರನಿಗೆ ಸಂತೋಷ ಎಷ್ಟಾಯಿತೆಂದರೆ, ಬಾಯಿಂದ ತಾನಾಗೇ ‘ರೈಟ್, ರೈಟ್’ ಎಂದು ಬಂತು. ಎರಡೂ ಕೈ ಚಾಚಿ ನುಗ್ಗಿದ. ಹೆಂಡತಿ ಅವನನ್ನು ತಡೆದು, ತಾನೇ ಟವೆಲ್ ಬಿಚ್ಚಿ ಮೊದಲ ಪುಟದತ್ತ ಬಗ್ಗಿದಳು.

ಕಂಡಕ್ಟರ್: ಓದು, ಓದು. ‘ಮರೆಯಬಾರದ ಸಂಗತಿಯೆಂದರೆ’...

ಹೆಂಡತಿ: ‘ಅಚ್ಚು ಪೂರ್ತಿ ಒಣಗಿರಬೇಕು. ಹಸಿ ಅಚ್ಚಿಗೆ ಕೈಹಾಕುವ ಆತುರಗಾರನು ಕೆಲಸವನ್ನೂ ಕೆಡಿಸಿ ತಾನೂ ಕೆಡುವನು.’

ಕಂಡಕ್ಟರನ ಬೆರಳು ಒದ್ದೆ ಪುಟಕ್ಕೆ ಒಂದಿಷ್ಟೇ ದೂರದಲ್ಲಿ ನಿಂತಿತ್ತು. ಪುಸ್ತಕದವನು ಮೊದಲು ನಕ್ಕ, ಆಮೇಲೆ ಹೆಂಡತಿ, ಕೊನೆಗೆ ಕಂಡಕ್ಟರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆ ಒಂದು ಸಾಲಿಗಾಗಿ ಅವನು ಅರ್ಧ ಮನೆಯನ್ನೇ ಪುಸ್ತಕಕ್ಕೆ ಬಿಟ್ಟುಕೊಟ್ಟಿದ್ದ.

ಕಂಡಕ್ಟರ್: ಮುಂದಿನ ಪುಟ ಒಂದೇ ಒಂದು ತಿರುವಿ ನೋಡ್ಲಾ?

ಹೆಂಡತಿ: ಇಷ್ಟು ವರ್ಷ ಕಾದವರಿಗೆ ಒಣಗೋ ತನಕ ಕಾಯೋಕೆ ಏನು ದಾಡಿ? ಹೋಗಿ ಹಗ್ಗದ ಮೇಲೆ ಹರವಿ ಬನ್ನಿ. ಕ್ಲಿಪ್ಪು ಮೆತ್ತಗೆ ಹಾಕಿ.

ಅವನು ಒಂಟಿ ಬೂಟಿನಲ್ಲೇ ಪುಸ್ತಕವನ್ನು ಎದೆಗೆ ಹಿಡಿದು ಹಿತ್ತಲಿಗೆ ಓಡಿದ. ಹೆಂಡತಿ ಆ ನಾರುವ ಸೋಪಿನ ಅಚ್ಚನ್ನು ತೊಳೆಯಲು ಬಿಸಿನೀರಿನ ಬಕೆಟ್ಟು ಎಳೆದುಕೊಂಡು, ತೋಳು ಮಡಚಿ ಬ್ರಷ್ ಎತ್ತಿದಳು. ಒಮ್ಮೆ ಪುಸ್ತಕದ ರಾಶಿಯನ್ನು ಮೇಲಿಂದ ಕೆಳಗೆ ನೋಡಿ ಹಿತ್ತಲಿನ ಕಡೆ ಕೂಗಿದಳು:

“ರೀ, ಹೇಗೂ ನೀರು ಕಾದಿದೆ. ಮೊದಲನೇ ಭಾಗಾನೂ ತಗೊಂಡು ಬನ್ನಿ.”