ಇಬ್ಬರೇ ಮಲಗುವ ಗಾಡಿ

ನಮ್ಮ ಮನೆಯಲ್ಲಿ ನನಗೋಸ್ಕರ ಅಂತ ಏನು ಕೊಂಡರೂ ಅದು ತಿಂಗಳೊಳಗೆ ಊರಿನ ಸೊತ್ತಾಗುತ್ತದೆ. ನನ್ನ ಹೊಲಿಗೆ ಮೆಷೀನಿನಲ್ಲಿ ಪಶ್ಚಿಮ ಲಂಡನ್ನಿನ ಅರ್ಧದಷ್ಟು ರವಿಕೆಗಳು ಹೊಲಿಸಿಕೊಂಡಿವೆ. ಗ್ಯಾರೇಜಿನಲ್ಲಿರುವ ನನ್ನ ಫ್ರೀಜರಿನಲ್ಲಿ ಇವತ್ತಿಗೂ ಯಾರದೋ ತೆಂಗಿನ ತುರಿ, ಇನ್ಯಾರದೋ ಕರಿಬೇವು. ಇಂಥವು ನಡೆಯುತ್ತಲೇ ಇರುತ್ತವೆ, ನಾನೂ ಹಲ್ಲು ಕಚ್ಚಿಕೊಂಡು ನಗುವುದನ್ನು ಕಲಿತಿದ್ದೇನೆ. ಕ್ಯಾರವಾನಿನ ವಿಷಯಕ್ಕೆ ಬಂದರೆ ಮಾತ್ರ ಹಲ್ಲು ಕಚ್ಚುವುದಷ್ಟೇ ಆಗುತ್ತದೆ, ನಗು ಬರುವುದಿಲ್ಲ. ಕೇಳಿದವರು ನಗುತ್ತಾರೆ. ನಗಲಿ.

೧. ಜೀಪಿಗೊಂದು ಕೆಲಸ

ನನ್ನ ಗಂಡ ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ತೊಂಬತ್ತರ ದಶಕದ ಕೊನೆಯಲ್ಲಿ ಅವರ ಜೊತೆಯ ಹೃದಯದ ಡಾಕ್ಟರೊಬ್ಬರು ಬೆಟ್ಟ ಹತ್ತುವಂಥ ದೊಡ್ಡ ಜೀಪೊಂದನ್ನು ಕೊಂಡರು. ಸ್ವಲ್ಪ ದಿನಕ್ಕೆ ನಮ್ಮ ಮನೆ ಮುಂದೆಯೂ ಅಂಥದ್ದೇ ಒಂದು ಬಂದು ನಿಂತಿತು. ನಾವಿರುವುದು ಲಂಡನ್ನಿನ ಅಂಚಿನ ಅಕ್ಸ್‌ಬ್ರಿಡ್ಜ್‌ನಲ್ಲಿ, ಎಲ್ಲ ಸಪಾಟು ನೆಲ. ಆ ಜೀಪು ಹತ್ತಿದ ಬೆಟ್ಟವೆಂದರೆ ಶಾಪಿಂಗ್ ಸೆಂಟರಿನ ಕಾರ್ ಪಾರ್ಕ್ ಒಂದೇ.

"ಇಷ್ಟು ಶಕ್ತಿ ಇರೋ ಗಾಡಿಗೆ ಏನಾದ್ರೂ ಕೆಲಸ ಕೊಡ್ಬೇಕು ಕಣೆ," ಎಂದು ಇವರು ದಿನವೂ ಪೇಚಾಡುತ್ತಿದ್ದರು. ಮನೆಯಲ್ಲಿ ಶಕ್ತಿ ಮೀರಿ ಕೆಲಸ ಮಾಡುವವಳೊಬ್ಬಳು ಇದ್ದಾಳೆ ಎನ್ನುವುದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ನಾನು ಹಗಲೆಲ್ಲ ಜಿಪಿ ಸರ್ಜರಿಯ, ಅಂದರೆ ಬಡಾವಣೆಯ ಡಾಕ್ಟರ ಕ್ಲಿನಿಕ್ಕಿನ, ರಿಸೆಪ್ಶನ್ನಿನಲ್ಲಿ ಕೂತು ಕಾಯಿಲೆಯವರಿಂದ ಬೈಸಿಕೊಂಡು, ಸಂಜೆ ಮನೆಗೆ ಬಂದು ಬಂದವರಿಗೆಲ್ಲ ಬೇಯಿಸಿ ಹಾಕುವವಳು. ರಜೆ ಬಂದರೆ ಬರ್ಮಿಂಗ್‌ಹ್ಯಾಮಿನಲ್ಲೋ ಕಾರ್ಡಿಫಿನಲ್ಲೋ ಇರುವ ಇನ್ನೊಬ್ಬ ಕನ್ನಡದ ಡಾಕ್ಟರ ಮನೆಗೆ ಹೋಗುವ ಪದ್ಧತಿ. ಅಲ್ಲಿ ಗಂಡಸರು ಕೂತು ಕ್ರಿಕೆಟ್ ನೋಡುವರು. ನಾನು ಆ ಮನೆಯಾಕೆಯ ಪಕ್ಕ ನಿಂತು ಚಪಾತಿ ಲಟ್ಟಿಸುವೆ. ನನ್ನ ಪಾಲಿಗೆ ರಜೆ ಎಂದರೆ ಬೇರೆಯವರ ಮನೆಯ ಒಲೆ.

ನನಗೆ ಬೇಕಾಗಿದ್ದುದು ಇಷ್ಟೇ: ಡೆವನ್ನಿನ ಸಮುದ್ರದ ಎದುರು, ಯಾರಿಗೂ ಅಡುಗೆ ಮಾಡದೆ, ಒಂದೇ ಒಂದು ವಾರ. ಅದಕ್ಕೇ ನಾನು ಬಾಯಿಬಿಟ್ಟೆ. "ಒಂದು ಕ್ಯಾರವಾನ್ ತಗೊಳ್ಳೋಣ. ಜೀಪಿನ ಹಿಂದೆ ಕಟ್ಟಿಕೊಂಡು ಹೋಗೋ ಪುಟ್ಟ ಮನೆ. ಒಂದು ಮಂಚ, ಒಂದು ಒಲೆ, ನಾವಿಬ್ಬರೇ."

ಇವರ ಮುಖ ಅರಳಿತು. "ಭೇಷ್! ಎಷ್ಟು ಜನ ಹಿಡಿಸುತ್ತೆ?"

೨. ಅಡ್ಜಸ್ಟ್ ಮಾಡಿಕೊಂಡರೆ

ಅಂಗಡಿಗೆ ಹೊರಟಾಗ ಇವರ ಗೆಳೆಯರಾದ ಧಾರವಾಡದ ಡಾಕ್ಟರೂ ಜೀಪು ಹತ್ತಿದರು. ಅವರು ಆಪರೇಷನ್ನಿಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು. ಆದರೆ ಬಾಯಿ ಬಿಟ್ಟರೆ ಮಲಗಿದವರೂ ಎದ್ದು ಕೂರಬೇಕು, ಅಷ್ಟು ಜೋರು. ನಮ್ಮ ಮನೆಗೆ ಏನೇ ಕೊಳ್ಳುವುದಿದ್ದರೂ ಅವರು ನೋಡಿ ಹೂಂ ಅನ್ನಬೇಕು.

ನಾನು ಅಂಗಡಿಯ ಮೂಲೆಯಲ್ಲಿದ್ದ ಎಲ್ಲಕ್ಕಿಂತ ಚಿಕ್ಕ, ಹಗುರವಾದ ಕ್ಯಾರವಾನಿನ ಮುಂದೆ ಹೋಗಿ ನಿಂತೆ. ಇಬ್ಬರು ಮಲಗುವಷ್ಟು ಜಾಗ, ಬೋಗುಣಿಯಷ್ಟು ಸಿಂಕು. ಮೂರನೆಯವರು ಒಳಗೆ ಬಂದರೆ ಮೊದಲಿನವರು ಹೊರಗೆ ಹೋಗಬೇಕು. ನನ್ನ ಎದೆ ತುಂಬಿ ಬಂತು.

"ವೈನಿ, ಇಷ್ಟು ದೊಡ್ಡ ಜೀಪು ಇಟಗೊಂಡು ಈ ಸಣ್ಣ ಡಬ್ಬಿ ಎಳಸ್ತೀರೇನ್ರೀ? ಜೀಪಿಗೇ ನಾಚಿಕಿ ಬರ್ತದ," ಎಂದರು ಧಾರವಾಡದ ಡಾಕ್ಟರು.

ಅಂಗಡಿಯವನೂ ಜೀಪನ್ನು ನೋಡಿ, ಇದು ಆರು ಜನ ಮಲಗುವುದನ್ನೂ ಆರಾಮವಾಗಿ ಎಳೆಯುತ್ತದೆ ಎಂದುಬಿಟ್ಟ. ಆದರೂ ನಾನು ಚಿಕ್ಕದರ ಮುಂದಿನಿಂದ ಕದಲಲಿಲ್ಲ. ಇವರು ಕೊನೆಗೆ ಕೇಳಿದರು, "ಇದರಲ್ಲಿ ಎಷ್ಟು ಜನ ಮಲಗಬಹುದು?"

"ಇಬ್ಬರು, ಸರ್."

"ಅದು ಸರಿ. ಸ್ವಲ್ಪ ಅಡ್ಜಸ್ಟ್ ಮಾಡಿಕೊಂಡರೆ?"

ಅವನಿಗೆ ಅರ್ಥವಾಗಲಿಲ್ಲ. ಧಾರವಾಡದ ಡಾಕ್ಟರು ವಿವರಿಸಿದರು: ಮಂಚದ ಮೇಲೆ ಅಡ್ಡಡ್ಡ ಮೂವರು, ಕೆಳಗೆ ಚಾಪೆ ಹಾಕಿ ಇಬ್ಬರು, ಬಾಗಿಲ ಹತ್ತಿರ ಒಂದು ಕೂಸು. ಅಂಗಡಿಯವನು ಎಲ್ಲವನ್ನೂ ಕೇಳಿಸಿಕೊಂಡು ಬಹಳ ವಿನಯದಿಂದ ಹೇಳಿದ, "ಸರ್, ಅದನ್ನು ನಾವು ಮಲಗುವುದು ಅನ್ನುವುದಿಲ್ಲ, ಪ್ಯಾಕಿಂಗ್ ಅನ್ನುತ್ತೇವೆ."

ನಿಲ್ಲಿಸಲು ಜಾಗ ಎಷ್ಟಿದೆ ಎಂದು ನೋಡಿ ಮುಂದಿನ ವಾರ ತೀರ್ಮಾನ ಮಾಡೋಣ ಎಂದಾಯಿತು. ಭಾನುವಾರ ಧಾರವಾಡದ ಡಾಕ್ಟರು ಟೇಪು ಹಿಡಿದು ಬಂದು ನಮ್ಮ ಡ್ರೈವನ್ನು, ಅಂದರೆ ಮನೆ ಮುಂದೆ ಗಾಡಿ ನಿಲ್ಲಿಸುವ ಅಂಗಳವನ್ನು, ಅಳೆದರು. ಎಷ್ಟು ಸಲ ಅಳೆದರೂ ಚಿಕ್ಕದೇ ಹಿಡಿಸುತ್ತಿತ್ತು. ನನ್ನ ಗುಲಾಬಿ ಕುಂಡಗಳು ಹಿಂದಿನ ದಿನವಷ್ಟೇ ಗೋಡೆಯ ಬುಡದಿಂದ ಡ್ರೈವಿನ ನಡುವಿಗೆ ಬಂದಿದ್ದವು. ಇಪ್ಪತ್ತು ವರ್ಷದಿಂದ ಆ ಅಂಗಳದಲ್ಲಿ ಓಡಾಡುತ್ತಿದ್ದ ಗಂಡನಿಗೆ ಅದು ಗೊತ್ತೇ ಆಗಲಿಲ್ಲ.

೩. ಎಡಕ್ಕೆ ಹೋಗಬೇಕಾದರೆ

ಕ್ಯಾರವಾನ್ ಕಟ್ಟಿಕೊಂಡು ಹಿಂದಕ್ಕೆ ಓಡಿಸುವುದು ಒಂದು ವಿದ್ಯೆ. ಹಿಂದಿರುವುದು ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಬೇಕು. ಕಲಿಯಲು ಗ್ರೀನ್‌ಫರ್ಡ್‌ನಲ್ಲಿ ಗೋದಾಮೊಂದರ ಖಾಲಿ ಅಂಗಳಕ್ಕೆ ಹೋದೆವು. ಕಲಿಸುವವನು ಲಾರಿ ಓಡಿಸಿ ನಿವೃತ್ತನಾದವನು.

ಇವರು ಕೂತು ಹಿಂದಕ್ಕೆ ಬಿಟ್ಟರು. ಜೀಪು ಒಂದು ಕಡೆ, ಕ್ಯಾರವಾನ್ ಇನ್ನೊಂದು ಕಡೆ ಮುಖ ಮಾಡಿ, ಜಗಳವಾಡಿದ ಓರಗಿತ್ತಿಯರ ಹಾಗೆ ನಿಂತವು. ಇವರು ನ್ಯೂಟನ್ನನ ನಿಯಮಗಳನ್ನು ಹೇಳಿಕೊಂಡು ಮತ್ತೆ ಬಿಟ್ಟರು. ಈ ಸಲ ಗೋದಾಮಿನ ಕಸದ ತೊಟ್ಟಿ ಉರುಳಿತು.

ನಾನು ಕೂತೆ. ಮೊದಲ ಸಲಕ್ಕೇ ಎಳೆದ ಗೆರೆಯ ಒಳಗೆ ತಂದು ನಿಲ್ಲಿಸಿದೆ. ಕಲಿಸುವವನು ಬೆರಗಾಗಿ, "ಎಲ್ಲಿ ಕಲಿತಿರಿ?" ಎಂದ.

"ಮದುವೆಯಾದ ದಿನದಿಂದ ಕಲಿಯುತ್ತಿದ್ದೇನೆ," ಎಂದೆ. "ಇವರು ಎಡಕ್ಕೆ ಹೋಗಬೇಕಾದರೆ ನಾನು ಬಲಕ್ಕೆ ಹೋಗಿ ಎನ್ನಬೇಕು."

೪. ಮೊದಲ ಪ್ರವಾಸ

ಡೆವನ್ನಿಗೆ ಹೋಗುವ ಮುಂಚೆ ಯುಗಾದಿ ಬಂತು. ಸುತ್ತಮುತ್ತಲಿನ ಕನ್ನಡದವರೆಲ್ಲ ಸೇರಿ ಹತ್ತು ನಿಮಿಷದ ದಾರಿಯ ಹೇಸ್‌ನಲ್ಲಿ ಹಾಲ್ ಹಿಡಿದು ಊಟ ಮಾಡುವುದು ವಾಡಿಕೆ. ಕ್ಯಾರವಾನಿನ ಸುದ್ದಿ ಎಲ್ಲರಿಗೂ ಮುಟ್ಟಿತ್ತು. ಫೋನಿನ ಮೇಲೆ ಫೋನು. "ಹೇಗೂ ನಿಮ್ಮ ಹತ್ತಿರ ಅದಿದೆಯಲ್ಲ, ಪಾತ್ರೆ ಸಾಗಿಸೋಕೆ ಆಗುತ್ತೆ. ಹೇಗೂ ನೀವು ಬರ್ತೀರಲ್ಲ, ಬಿಸಿಬೇಳೆಬಾತ್ ನೀವೇ ಮಾಡಿಬಿಡಿ."

ನೂರಾರು ಜನಕ್ಕಾಗುವ ಹಂಡೆಯನ್ನು ಹಿಂದಿಟ್ಟರೆ ಹಗುರವಾದ ಕ್ಯಾರವಾನು ಬಾಲ ನೆಲಕ್ಕಿಟ್ಟು ಮೂತಿ ಎತ್ತಿತು. ಪಕ್ಕದ ಮನೆಯ ಇಂಗ್ಲಿಷ್ ತಾತ ಬೇಲಿಯ ಮೇಲಿಂದ ನೋಡುತ್ತಿದ್ದ. ಒಂದು ಕಾಲದಲ್ಲಿ ಅವನ ಹತ್ತಿರವೂ ಕ್ಯಾರವಾನ್ ಇತ್ತಂತೆ. ಭಾರವೆಲ್ಲ ಚಕ್ರದ ನೇರಕ್ಕೆ ಬರಬೇಕು ಎಂದು ಕೂಗಿದ. ಚಕ್ರದ ನೇರಕ್ಕಿದ್ದದ್ದು ನನ್ನ ಮಂಚ. ನಾನು ಒಂದು ಸಲವೂ ಮಲಗದ ಮಂಚದ ಮೇಲೆ ಬಿಸಿಬೇಳೆಬಾತಿನ ಹಂಡೆ ಮಲಗಿತು.

"ಮಮ್, ಇಟ್ ಸ್ಮೆಲ್ಸ್ ಲೈಕ್ ಎ ಕ್ಯಾಂಟೀನ್," ಎಂದು, ಹಬ್ಬಕ್ಕೆಂದು ಕಾಲೇಜಿನ ಊರಿಂದ ಬಂದಿದ್ದ ಮಗಳು ಮೂಗು ಮುಚ್ಚಿಕೊಂಡಳು.

"ನಿನ್ನ ಅಮ್ಮನೂ ಹಾಗೇ ನಾರ್ತಾಳೆ, ಸುಮ್ನೆ ಹತ್ತು," ಎಂದೆ.

ತಾತ ಕೈ ಬೀಸಿದ. "ದೂರ ಹೊರಟಿರಾ?"

"ಹೇಸ್‌ಗೆ."

"ಓ," ಎಂದ ಆತ, ಸ್ವಲ್ಪ ಯೋಚಿಸಿ. "ಹೇಸ್‌ನಲ್ಲಿ ನೋಡುವಂಥದ್ದು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ."

೫. ಡ್ರೈವಿನಲ್ಲಿ ಬೇಸಿಗೆ

ಡೆವನ್ನಿಗೆ ಜುಲೈನಲ್ಲಿ ಹೊರಡುವುದೆಂದು ನಿಶ್ಚಯವಾಯಿತು. ಜುಲೈನಲ್ಲೇ ಇವರ ಸೋದರಮಾವ, ಅತ್ತೆ, ಅವರ ಮಗಳು, ಅಳಿಯ, ಮಕ್ಕಳು ಮೈಸೂರಿನಿಂದ ಬಂದಿಳಿದರು. "ಹತ್ತೇ ದಿನ ಕಣೆ," ಎಂದರು ಇವರು. ಹತ್ತನೆಯ ದಿನ ಮಾವನವರು, "ನಿಮ್ಮೂರ ಹವಾ ಒಗ್ಗಿಬಿಟ್ಟಿದೆ ಕಣಮ್ಮಾ," ಎಂದರು. ಡೆವನ್ ಅಲ್ಲಿಗೇ ನಿಂತಿತು.

ಮನೆಯ ಕೋಣೆಗಳೆಲ್ಲ ತುಂಬಿದವು. ಅತಿಥಿಗಳು ಬರಬಾರದೆಂದು ಇಬ್ಬರೇ ಮಲಗುವ ಗಾಡಿ ಹುಡುಕಿ ತಂದವಳು ನಾನು. ಅತಿಥಿಗಳು ಅದರೊಳಕ್ಕೆ ಬರಲಿಲ್ಲ, ನಿಜ. ಅವರು ಮನೆಯಲ್ಲಿ ಮಲಗಿದರು. ಡ್ರೈವಿನಲ್ಲಿ ನಿಂತಿದ್ದ ಗಾಡಿಯಲ್ಲಿ ನಾವಿಬ್ಬರು ಮಲಗಿದೆವು. ಬೆಳಕು ಹರಿಯುವ ಮೊದಲೇ ಕಿಟಕಿ ಬಡಿದು ಯಾರಾದರೂ ಕೇಳುವರು, "ಹಾಲು ಎಲ್ಲಿದೆ?"

ಮಾವನವರಿಗೆ ಮಾತ್ರ ನಮ್ಮ ಮನೆಯ ಹಾಸಿಗೆ ಹಿಡಿಸಲಿಲ್ಲ. "ಹೊಂಡಕ್ಕೆ ಬಿದ್ದ ಹಾಗಾಗುತ್ತೆ. ಸೊಂಟ ಹಿಡ್ಕೊಂಡಿದೆ." ಒಂದು ದಿನ ಕ್ಯಾರವಾನಿನೊಳಗೆ ಬಂದು ಮಂಚದ ಮೇಲೆ ಕೂತು ಒತ್ತಿ ನೋಡಿ, "ಮಂಚ ಅಂದ್ರೆ ಹೀಗೆ ಗಟ್ಟಿಯಾಗಿರ್ಬೇಕು. ನೀವಿಬ್ಬರೂ ಪುಣ್ಯವಂತರು," ಎಂದು ಹೊಗಳಿದರು. ನನಗೆ ಮೈ ಉರಿದುಹೋಯಿತು.

ಮರುದಿನ ಬೆಳಗ್ಗೆ ನಾನು ನೈಟಿಯ ಮೇಲೆ ಶಾಲು ಹೊದ್ದು, ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು ಹಿಡಿದು ಕ್ಯಾರವಾನಿನಿಂದ ನನ್ನ ಮನೆಗೆ ಹೋಗುತ್ತಿದ್ದೆ. ಸ್ನಾನಕ್ಕೆ ಒಳಗೆ ಆಗಲೇ ಸಾಲು ನಿಂತಿತ್ತು. ತಾತ ಬೇಲಿಯ ಮೇಲಿಂದ ಅನುಕಂಪದಿಂದ ಹೇಳಿದ, "ಕ್ಯಾಂಪಿಂಗ್ ಸೈಟು ಚೆನ್ನಾಗಿದೆ. ಜನ ಸ್ವಲ್ಪ ಜಾಸ್ತಿ."

೬. ದೂರ

ಆ ಶನಿವಾರ ಎಲ್ಲರೂ ವಿಂಡ್ಸರ್ ಕೋಟೆ ನೋಡಲು ಹೊರಟರು. ಅರ್ಧ ಜನ ಇವರ ಜೊತೆ ಬಾಡಿಗೆ ವ್ಯಾನಿನಲ್ಲಿ, ಉಳಿದವರು ಧಾರವಾಡದ ಡಾಕ್ಟರ ಕಾರಿನಲ್ಲಿ. "ನೀನು ಹಿಂದಿನ ಸಲಾನೇ ನೋಡಿದ್ದೀಯಲ್ಲ, ಬರೋ ಹೊತ್ತಿಗೆ ಏನಾದ್ರೂ ಬಿಸಿಯಾಗಿ ಮಾಡಿಟ್ಟಿರು," ಎಂದು ಇವರು ವ್ಯಾನು ಹತ್ತಿದರು.

ಹಿಂದಿನ ಸಲವೂ ನಾನು ಮನೆಯಲ್ಲೇ ಇದ್ದೆ, ಬಿಸಿಯಾಗಿ ಮಾಡಿಡುತ್ತ. ನಾನು ವಿಂಡ್ಸರ್ ನೋಡಿಲ್ಲ ಎನ್ನುವುದೂ ಅವರಿಗೆ ನೆನಪಿಲ್ಲ. ಒಲೆಯ ಮುಂದೆ ನಿಂತಾಗ ಅಳು ಬಂತು. ಅಳು ನಿಂತ ಮೇಲೆ ಸಿಟ್ಟು ಬಂತು. ಹುಳಿ, ಅನ್ನ, ಪಲ್ಯ ಎಲ್ಲ ಮಾಡಿ ಮುಚ್ಚಿಟ್ಟೆ. ನಮ್ಮಂಥವರು ಮನೆ ಬಿಟ್ಟು ಓಡಿಹೋಗಬೇಕಾದರೂ ಅಡುಗೆ ಮಾಡಿಟ್ಟೇ ಹೋಗಬೇಕು. ಆಮೇಲೆ ಜೀಪಿನ ಕೀ ತಗೊಂಡೆ.

ಕ್ಯಾರವಾನಿನ ಪರದೆಗಳು ಬೆಳಗ್ಗೆ ಇದ್ದಂತೆಯೇ ಮುಚ್ಚಿದ್ದವು. ಬಾಗಿಲಿಗೆ ಬೀಗ ಹಾಕಿ, ಜೀಪಿಗೆ ಕೊಂಡಿ ಸಿಕ್ಕಿಸಿದೆ. ತಾತ ತಾನಾಗಿಯೇ ಬಂದು ಹಿಂದಿನ ದೀಪ ಹತ್ತುತ್ತದೆಯೇ ನೋಡಿದ. "ದೂರ ಹೊರಟಿರಾ?"

"ಹೌದು," ಎಂದೆ. "ಬಹಳ ದೂರ."

ಡೆವನ್ ಕಡೆಗೆ ಹೋಗುವ ಎಂ ಫೋರ್ ಹೆದ್ದಾರಿಯಲ್ಲಿ ಕನ್ನಡಿ ನೋಡಿದಾಗಲೆಲ್ಲ ಆ ಬಿಳಿ ಪುಟ್ಟ ಮನೆ ಹಿಂದೆಯೇ ಬರುತ್ತಿತ್ತು. ಅದರೊಳಗೆ ಯಾರೂ ಇಲ್ಲ, ಯಾರಿಗೂ ಹಸಿವಿಲ್ಲ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಜೋರಾಗಿ ಹಾಡಿದೆ ಕೂಡ.

ಮುಕ್ಕಾಲು ಗಂಟೆ ಓಡಿಸಿ, ರೆಡಿಂಗ್ ಹತ್ತಿರ ಗಾಡಿಯವರು ದಣಿವಾರಿಸಿಕೊಳ್ಳುವ ದಾರಿಬದಿಯ ಸರ್ವೀಸಸ್‌ನಲ್ಲಿ ನಿಲ್ಲಿಸಿದೆ. ನನ್ನ ಗಾಡಿ, ನನ್ನ ಒಲೆ, ನನ್ನೊಬ್ಬಳಿಗೇ ಒಂದು ಲೋಟ ಕಾಫಿ ಮಾಡಿಕೊಳ್ಳೋಣ ಎಂದು ಕ್ಯಾರವಾನಿನ ಬೀಗ ತೆಗೆದೆ.

ಮಂಚದ ಮೇಲೆ ಮಾವನವರು ನನ್ನ ಶಾಲು ಹೊದ್ದು ಚಕ್ಕಳಮಕ್ಕಳ ಹಾಕಿ ಕೂತಿದ್ದರು. "ಬಂದೆಯಾ? ತೊಟ್ಟಿಲಲ್ಲಿ ಹಾಕಿ ತೂಗಿದ ಹಾಗೆ ನಿದ್ದೆ ಬಂತಮ್ಮಾ. ಎಲ್ಲಿ, ಕಾಫಿ ಆಯಿತೇ?"

ನಸುಕಿನಲ್ಲೇ ಎಚ್ಚರವಾಗಿ, ನಾವು ಎದ್ದು ಹೋದ ಮೇಲೆ ಸೊಂಟ ನೀಡಿಕೊಳ್ಳಲು ಬಂದು ಮಲಗಿದ್ದರು. ವ್ಯಾನಿನವರು ಅವರು ಕಾರಿನಲ್ಲಿದ್ದಾರೆ ಎಂದುಕೊಂಡರು, ಕಾರಿನವರು ವ್ಯಾನಿನಲ್ಲಿ ಎಂದುಕೊಂಡರು. ಅವರ ಸಕ್ಕರೆ ಕಾಯಿಲೆಯ ಮಾತ್ರೆಗಳು ಅಕ್ಸ್‌ಬ್ರಿಡ್ಜ್‌ನಲ್ಲಿದ್ದವು. ಊಟಕ್ಕೆ ಮುಂಚೆ ನುಂಗಲೇಬೇಕು. ಸಮುದ್ರ ಇನ್ನೂ ಎಷ್ಟೋ ದೂರವಿತ್ತು. ನಾನು ಎರಡು ಲೋಟ ಕಾಫಿ ಮಾಡಿದೆ. ಅವರನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತಿರುಗಿಸಿದೆ. ದಾರಿಯುದ್ದಕ್ಕೂ ಅವರು ಇಂಗ್ಲೆಂಡಿನ ಹೊಲಗಳನ್ನು ಹೊಗಳಿದರು. ನನಗೆ ಒಂದೂ ಕಾಣಿಸಲಿಲ್ಲ, ಕಣ್ಣು ಮಂಜಾಗಿತ್ತು.

ಮನೆ ಮುಂದೆ ಬಂದು ಕ್ಯಾರವಾನನ್ನು ಹಿಂದಕ್ಕೆ ಬಿಟ್ಟು ಒಂದೇ ಸಲಕ್ಕೆ ಡ್ರೈವಿನಲ್ಲಿ ಕೂರಿಸಿದೆ. ತಾತ ಬೇಲಿಯ ಹತ್ತಿರವೇ ಇದ್ದ. ನನ್ನ ಮುಖ ನೋಡಿದ, ಪಕ್ಕದಲ್ಲಿದ್ದವರನ್ನು ನೋಡಿದ, ಗಡಿಯಾರ ನೋಡಿದ. "ಕೊನೆಗೆ ಅಷ್ಟೇನೂ ದೂರ ಹೋಗಲಿಲ್ಲ, ಅಲ್ಲವೇ?" ಎಂದ ಮೆಲ್ಲಗೆ.

ನಾನು ಹ್ಯಾಂಡ್‌ಬ್ರೇಕ್ ಎಳೆದೆ. ಅಷ್ಟರಲ್ಲಿ ಮಾವನವರು ಜೀಪಿನ ಕಿಟಕಿ ಇಳಿಸಿ ಆತನಿಗೆ ಕೈಮುಗಿದರು. ನನ್ನ ಕಡೆ ತಿರುಗಿ ಹೇಳಿದರು:

"ಪಾಪ, ಆ ಯಜಮಾನರು ಕಾಯ್ತಾ ನಿಂತಿದ್ದಾರೆ. ಅವರಿಗೂ ಒಂದು ಲೋಟ ಕಾಫಿ ಇಟ್ಟುಬಿಡಮ್ಮಾ."